ಮೇಷ್ಟ್ರ ಸೈಕಲ್ಲಿನ ಅಳತೆ

ಎಪ್ಪತ್ತರ ದಶಕದ ನಡುವಿನಲ್ಲಿ ನಾನೂ ನನ್ನ ಗೆಳೆಯನೂ ಚಾಮರಾಜಪೇಟೆಯಿಂದ ಮಧುರೆಗೆ ಸೈಕಲ್ಲಿನಲ್ಲಿ ಹೋಗಿಬಂದೆವು. ಮಧುರೆಗೆ ಮಾತ್ರ. ಅಲ್ಲಿ ಗೆಳೆಯನ ಹೊಟ್ಟೆ ಕೆಟ್ಟು, ಗೋಪುರವನ್ನು ಹೊರಗಿನಿಂದಲೇ ನೋಡಿ ಹಿಂತಿರುಗಿದೆವು. ಆದರೆ ನಾವು ಬಂದ ಕೆಲವೇ ವಾರಗಳಲ್ಲಿ ನಮ್ಮ ಬೀದಿಯ ಬಾಯಲ್ಲಿ ಅದು ರಾಮೇಶ್ವರವಾಯಿತು. ದೀಪಾವಳಿಯ ಹೊತ್ತಿಗೆ ಕನ್ಯಾಕುಮಾರಿಯಾಗಿತ್ತು. ಹಾಲಿನ ಬೂತಿನ ಮುಂದೆ ಒಬ್ಬರು ನನ್ನನ್ನು ತಡೆದು, ಮೂರು ಸಮುದ್ರ ಕೂಡುವಲ್ಲಿ ನೀರಿನ ಬಣ್ಣ ಬೇರೆ ಬೇರೆ ಇರುವುದು ನಿಜವೇ ಎಂದು ಕೇಳಿದರು. ನಾನು ನೋಡಿಲ್ಲವೆಂದೆ. ಅವರು ಅದನ್ನು ವಿನಯವೆಂದು ತಿಳಿದು ಬೆನ್ನು ತಟ್ಟಿದರು. ಅಂದಿನಿಂದ ದೂರದ ಸೈಕಲ್ ಪ್ರವಾಸದ ಯಾವ ಕತೆಯನ್ನೂ ನಾನು ಅಳೆದು ನೋಡದೆ ಒಪ್ಪಿದವನಲ್ಲ.

ಅಳೆದು ನೋಡುವುದು ನನ್ನ ಕಸುಬೂ ಹೌದು. ಚಾಮರಾಜಪೇಟೆಯಲ್ಲಿ ನನ್ನದು ಪುಸ್ತಕ ಕಟ್ಟುವ ಅಂಗಡಿ. ಶಾಲೆಯನ್ನು ಬೇಗನೆ ಬಿಟ್ಟ ನಾನು ಕಲಿತದ್ದೆಲ್ಲ, ರಟ್ಟು ಹಾಕಿಸಲು ಬಂದ ಪುಸ್ತಕಗಳನ್ನು ಅಂಟು ಒಣಗುವಷ್ಟರಲ್ಲಿ ಓದಿ ಕಲಿತದ್ದು. ಒಂದೇ ಯುದ್ಧವನ್ನು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಬರೆದಿರುತ್ತಿದ್ದರು. ಇಬ್ಬರಿಗೂ ನಾನು ಒಂದೇ ಗೋಣಿನೂಲಿನಿಂದ ಹೊಲಿಗೆ ಹಾಕಿದ್ದೇನೆ. ಅಚ್ಚಾದ ಮಾತ್ರಕ್ಕೆ ಒಂದು ಸಂಗತಿ ನಿಜವಾಗುತ್ತದೆಂಬ ಭಯಭಕ್ತಿ ಆ ಕೆಲಸದಲ್ಲಿರುವವನಿಗೆ ಉಳಿಯುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅದೇ ಗೆಳೆಯ ಒಂದು ಸಾಕ್ಷ್ಯಚಿತ್ರ ಮಾಡುವ ಯೋಜನೆ ಹೊತ್ತು ಅಂಗಡಿಗೆ ಬಂದ. ಅವನು ಬ್ಯಾಂಕಿನ ಗುಮಾಸ್ತ, ಫಿಲಂ ಸೊಸೈಟಿಯ ಸದಸ್ಯ; ಯಾರಿಂದಲೋ ಹದಿನಾರು ಮಿಲಿಮೀಟರಿನ ಕ್ಯಾಮೆರಾ ಎರವಲು ಸಿಗುವ ಭರವಸೆ ಅವನಿಗಿತ್ತು. ವಿಷಯವನ್ನು ಅವನಾಗಲೇ ಗೊತ್ತುಮಾಡಿಕೊಂಡಿದ್ದ: ಶಂಕರಪುರದ ಡ್ರಾಯಿಂಗ್ ಮೇಷ್ಟ್ರು ಯೌವನದಲ್ಲಿ ಕಾಶಿಗೆ ಸೈಕಲ್ಲಿನಲ್ಲಿ ಹೋದದ್ದು.

ಆ ಕತೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಮೇಷ್ಟ್ರು ಒಬ್ಬರೇ ಹೊರಟರು. ನಾಗಪುರ ದಾಟಿದ ಕಾಡಿನಲ್ಲಿ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಮುರಿಯಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಜಬಲ್‌ಪುರದವರೆಗೆ ನಡೆದು, ರಿಪೇರಿ ಮಾಡಿಸಿಕೊಂಡು ಕಾಶಿ ಮುಟ್ಟಿ, ರೈಲಿನಲ್ಲಿ ಹಿಂತಿರುಗಿದರು. ಆ ಸೈಕಲ್ಲು ಅವರ ಮನೆಯ ನಡುಮನೆಯಲ್ಲಿ ಆಗಲೂ ನಿಂತಿತ್ತು. ಬಡಾವಣೆಯ ರಾಜ್ಯೋತ್ಸವ ಸಮಿತಿಯವರು ಪ್ರತಿ ನವೆಂಬರಿನಲ್ಲಿ ಅದನ್ನು ವೇದಿಕೆಗೆ ಎತ್ತಿ ತಂದು, ಮೇಷ್ಟ್ರಿಗೊಂದು ಅದಕ್ಕೊಂದು ಹಾರ ಹಾಕಿ, ‘ಕಾಶಿಯ ಏಕಾಂಗಿ’ ಎಂದು ಕೂಗಿ ಪರಿಚಯಿಸುತ್ತಿದ್ದರು. ಚಿತ್ರವನ್ನು ಆ ವರ್ಷದ ಉತ್ಸವದಲ್ಲಿ ತೋರಿಸಲು ಅವರು ಒಪ್ಪಿದ್ದರು. ಒಮ್ಮೆ ಪರದೆಯ ಮೇಲೆ ಬಂದರೆ ಆ ಕತೆಯನ್ನು ಇನ್ನು ಯಾರೂ ಕದಲಿಸಲಾರರು. ಹಾಗಾಗಿ ಅದು ನಿಜವೋ ಅಲ್ಲವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕೆಂಬುದು ನನ್ನ ಹಟವಾಗಿತ್ತು.

ಫಿಲಂ ಸ್ವಲ್ಪವೇ ಇದ್ದುದರಿಂದ ಪ್ರತಿ ದೃಶ್ಯವನ್ನೂ ಮೊದಲೇ ನಿಶ್ಚಯಿಸಬೇಕಿತ್ತು. ಅಂಗಡಿಯಲ್ಲಿ ಕತ್ತರಿಸಿ ಉಳಿದ ರಟ್ಟಿನ ತುಂಡುಗಳ ಮೇಲೆ ಒಂದೊಂದು ದೃಶ್ಯ ಬರೆದು, ಭಾನುವಾರಗಳಂದು ನೆಲದ ಮೇಲೆ ಹರಡಿ, ಹಿಂದೆ ಮುಂದೆ ಸರಿಸುತ್ತಿದ್ದೆವು. ಹೆಗಲ ಮೇಲೆ ಸೈಕಲ್ ಹೊತ್ತ ಮೇಷ್ಟ್ರ ರಟ್ಟು ಬಂದಾಗಲೆಲ್ಲ ನಾನು ಅದನ್ನು ಬೋರಲು ಹಾಕುತ್ತಿದ್ದೆ.

“ಏನೋ ನಿಂದು?” ಎಂದ ಗೆಳೆಯ.

“ಹಾಸಿಗೆ, ಪಾತ್ರೆ, ಪಂಪು ಎಲ್ಲಾ ಕಟ್ಟಿರೋ ಸೈಕಲ್ಲು ಕಣೋ ಅದು. ನೀನು ಹೊತ್ಕೊಂಡು ಮಾರ್ಕೆಟ್ ತನಕ ಹೋಗು, ಆಮೇಲೆ ಜಬಲ್‌ಪುರದ ಮಾತಾಡೋಣ.”

ಅವನೂ ಹಟಗಾರನೇ. ನನ್ನ ಸೈಕಲ್ಲಿಗೆ ಎರಡು ರೀಮು ಕಾಗದ ಕಟ್ಟಿಕೊಂಡು ಹೆಗಲಿಗೇರಿಸಿ ಹೊರಟ. ತಿರುವಿನ ಬೀಡಾ ಅಂಗಡಿಯ ಮುಂದೆಯೇ ಇಳಿಸಿದ. ಬೀಡಾ ಅಂಗಡಿಯವನು ಕೇಳಿದ: “ಯಾಕ್ ಗುರು, ಸೈಕಲ್ಲಿಗೆ ಕಾಲುನೋವಾ?”

“ಅವರ ವಯಸ್ಸಲ್ಲಿ ಅವರಿಗೆ ಶಕ್ತಿ ಇತ್ತು,” ಎಂದು ಗೆಳೆಯ ಏದುಸಿರು ಬಿಡುತ್ತಾ ವಾದಿಸಿದ. “ನಿಂಗೆ ಸಿನಿಮಾ ಬೇಕೋ, ಕೋರ್ಟು ಬೇಕೋ?”

ಮುಂದಿನ ವಾರ ಶಂಕರಪುರಕ್ಕೆ ಹೋದೆವು. ಮೇಷ್ಟ್ರು ಗೇಟಿನಿಂದ ಹೊಂಗೆ ಮರದವರೆಗೆ ಸೈಕಲ್ ಹೊಡೆದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದಷ್ಟೇ ಅಂದಿನ ಕೆಲಸ. ಅವರ ಹೆಂಡತಿ ನಮಗೆ ಮಜ್ಜಿಗೆ ಕೊಟ್ಟು ಬಾಗಿಲಲ್ಲಿ ನಿಂತರು. ವರ್ಷವರ್ಷದ ಆಯುಧಪೂಜೆಯ ಕುಂಕುಮ ಪದರಪದರವಾಗಿ ಹತ್ತಿದ್ದ ಸೈಕಲ್ಲನ್ನು ನಾವು ಅಂಗಳಕ್ಕಿಳಿಸಿದೆವು.

ಮೇಷ್ಟ್ರು ಹತ್ತಲು ಹಿಂದೆಮುಂದೆ ನೋಡಿದರು. “ಇದು ಪೂಜೆಗೆ ಇಟ್ಟಿರೋದಪ್ಪಾ. ನಾನು ಪಕ್ಕದಲ್ಲಿ ನಿಂತ್ಕೋತೀನಿ, ಸಾಲದಾ?”

“ಸೈಕಲ್ ಯಾತ್ರೆ ಚಿತ್ರ ಸಾರ್. ಒಂದ್ಸಲನಾದ್ರೂ ಹತ್ಬೇಕಲ್ವಾ?” ಎಂದ ಗೆಳೆಯ.

ಅವರು ಹತ್ತಿದರು. ಸೀಟಿನ ಕಂಬಿಯನ್ನು ಎಳೆಯಬಹುದಾದಷ್ಟೂ ಮೇಲಕ್ಕೆ ಎಳೆದಿತ್ತು. ಆದರೂ ಆ ನೀಳಕಾಯದ ಮನುಷ್ಯ ಸರ್ಕಸ್ಸಿನ ಆಟಿಕೆ ಸೈಕಲ್ಲಿನ ಮೇಲೆ ಕುಳಿತಂತೆ ಕಂಡರು. ಮರದ ಬಳಿ ತಿರುಗಿಸುವಾಗ ಮೊಣಕಾಲು ಹ್ಯಾಂಡಲಿಗೆ ತಗುಲಿ, ಕಾಲೂರಿ ನಿಂತರು.

“ವಯಸ್ಸಾಯ್ತಲ್ಲ, ಮೈ ಬಗ್ಗಲ್ಲ,” ಎಂದು ಗೆಳೆಯ ಸಮಾಧಾನ ಹೇಳಿದ.

“ವಯಸ್ಸಾದ್ರೆ ಜನ ಕುಗ್ತಾರೆ ಕಣೋ, ಬೆಳೆಯಲ್ಲ,” ಎಂದೆ ನಾನು. “ಸಾರ್, ಇದು ಇಪ್ಪತ್ತೆರಡು ಇಂಚಿನ ಫ್ರೇಮು. ನಿಮ್ಮ ಎತ್ತರಕ್ಕೆ ಇಪ್ಪತ್ನಾಲ್ಕು ಬೇಕು. ಇದು ನಿಮ್ಮ ಸೈಕಲ್ಲೇ ಅಲ್ಲ.”

ಗೆಳೆಯ ನನ್ನ ತೋಳು ಜಿಗುಟಿದ. ಮೇಷ್ಟ್ರು ಸೈಕಲ್ಲಿನಿಂದ ಇಳಿದರು. ನಕ್ಕವರು ಬಾಗಿಲಲ್ಲಿದ್ದ ಅವರ ಹೆಂಡತಿ.

“ನಾನು ಮದುವೆಯಾಗಿ ಬಂದ ವರ್ಷವೇ ಕೇಳಿದ್ದೆ. ಚಪ್ಪಲಿ ತಗೊಳ್ಳೋಕೆ ಹೋದ್ರೆ ಕಾಗದದ ಮೇಲೆ ಪಾದ ಬರ್ಕೊಂಡು ಹೋಗೋ ಮನುಷ್ಯ, ಕಾಶಿಗೆ ಹೋಗೋಕೆ ಅಳತೆ ತಪ್ಪಿದ ಸೈಕಲ್ ತಗೊಂಡ್ರಾ ಅಂತ. ಹೇಳ್ಬಿಡಿ ಇನ್ನ. ಇವರು ಬಿಡೋ ಪೈಕಿ ಕಾಣಲ್ಲ.”

ಮೇಷ್ಟ್ರು ಜಗಲಿಯ ಮೇಲೆ ಕುಳಿತು ಹೇಳಿದರು. ಹೊರಟವರು ಇಬ್ಬರು. ಜೊತೆಗಾರ ಮಲ್ಲೇಶ್ವರದ ಆಚೆಯ ಬಟ್ಟೆ ಗಿರಣಿಯೊಂದರ ಕೆಲಸಗಾರ. ಕಾಡಿನಲ್ಲಿ ಫೋರ್ಕ್ ಮುರಿದದ್ದು ಮೇಷ್ಟ್ರ ಸೈಕಲ್ಲಿನದು. ಜೊತೆಗಾರರು ಅದರ ಮುಂಚಕ್ರ ಬಿಚ್ಚಿ, ಮುಂಭಾಗವನ್ನು ತನ್ನ ಕ್ಯಾರಿಯರಿಗೆ ಬಿಗಿದು, ಹಿಂಚಕ್ರದ ಮೇಲೆ ಉರುಳಿಸುತ್ತಾ ಜಬಲ್‌ಪುರದವರೆಗೆ ಎಳೆದೊಯ್ದರು. ಮೇಷ್ಟ್ರು ಹಿಂದಿನಿಂದ ನೂಕಿದರು. ಅಲ್ಲಿ ಆ ಅಳತೆಯ ಫೋರ್ಕ್ ಕೂಡಲೇ ಸಿಗುವಂತಿರಲಿಲ್ಲ. ತಾಯಿಗೆ ಕಾಯಿಲೆಯೆಂದು ಗಿರಣಿಯಲ್ಲಿ ಸುಳ್ಳು ಹೇಳಿ ಜೊತೆಗಾರರು ಪಡೆದಿದ್ದ ರಜೆ ಮುಗಿಯುತ್ತ ಬಂದಿತ್ತು. ಅವರು ತಮ್ಮ ಗಟ್ಟಿ ಸೈಕಲ್ಲನ್ನು ಮೇಷ್ಟ್ರಿಗೆ ಕೊಟ್ಟು, ಮುರಿದುದನ್ನು ತೆಗೆದುಕೊಂಡು ರೈಲು ಹತ್ತಿದರು. ಮೇಷ್ಟ್ರು ಊರಿಗೆ ಬಂದಾಗ ಸ್ವಾಗತದ ಭಾಷಣಗಳು ಆಗಲೇ ಸಿದ್ಧವಾಗಿದ್ದವು. ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ, ಸುಮ್ಮನಿರು ಎಂದು ಜೊತೆಗಾರರೇ ಹೇಳಿದ್ದರು. ಆ ಸೈಕಲ್ಲಿನೊಡನೆ ಪತ್ರಿಕೆಯಲ್ಲಿ ಫೋಟೋ ಬಂದಮೇಲೆ ಅದನ್ನು ಹಿಂದಕ್ಕೆ ಕೊಡುವಂತೆಯೂ ಇರಲಿಲ್ಲ.

“ಹೆಗಲ ಮೇಲೆ ಹೊತ್ತೆ ಅಂತ ನಾನು ಎಂದೂ ಹೇಳಿಲ್ಲ,” ಎಂದರು ಮೇಷ್ಟ್ರು. “ಹೇಗೆ ತಂದ್ರಿ ಅಂತ ಕೇಳೋರು. ನಾನು ಸುಮ್ನಿರ್ತಿದ್ದೆ. ಅವರೇ ಹೊರಿಸಿದ್ರು. ಈ ಚಿತ್ರ ಅಂದಾಗ ಮಾತ್ರ ಭಯ ಆಯ್ತು. ಅವನ ಹೆಸರಿಲ್ಲದೆ ಇದು ಮುಗಿದು ಹೋಗುತ್ತಲ್ಲ ಅಂತ.”

ಗೆಳೆಯ ದಾರಿಯುದ್ದಕ್ಕೂ ನನ್ನನ್ನು ಹಿಂದೆ ಬಿಟ್ಟು ನಡೆದ. ಗಾಂಧಿಬಜಾರಿನಲ್ಲಿ ಕಾಫಿ ಬಂದಮೇಲೆ, “ಅರ್ಧ ರಟ್ಟು ಒಲೆಗೆ ಹಾಕ್ಬೇಕು,” ಎಂದ. ಲೋಟ ಕೆಳಗಿಟ್ಟು, “ಅವರು ಬದುಕಿದಾರಾ ಅಂತ ಕೇಳಿದ್ಯಾ?” ಎಂದ. ಅವನನ್ನು ನಾನು ಮೆಚ್ಚುವುದು ಇಂಥದ್ದಕ್ಕೆ.

ಬದುಕಿದ್ದರು. ಶೇಷಾದ್ರಿಪುರದಲ್ಲಿ, ರೈಲಿನ ಶಿಳ್ಳೆ ಕೇಳುವಷ್ಟು ಹತ್ತಿರದ ಓಣಿಯಲ್ಲಿ ಅವರ ಮನೆ. ಮೇಷ್ಟ್ರನ್ನೂ ಕರೆದುಕೊಂಡು ಹೋದೆವು. ಬಾಗಿಲ ಪಕ್ಕದಲ್ಲಿ ಇಪ್ಪತ್ತನಾಲ್ಕು ಇಂಚಿನ ಎತ್ತರದ ಸೈಕಲ್ಲೊಂದು ಒರಗಿತ್ತು. ಅದರ ಪೆಡಲುಗಳಿಗೆ ಎರಡೂ ಬದಿ ಮರದ ತುಂಡುಗಳನ್ನು ಬೋಲ್ಟು ಹಾಕಿ ಕೂರಿಸಿತ್ತು. ಗಿಡ್ಡ ಕಾಲಿಗೆ ಎಟುಕಲೆಂದು. ನಾನು ಇನ್ನೇನನ್ನೂ ಕೇಳಬೇಕಾಗಿರಲಿಲ್ಲ.

“ಬಾರೋ ಲಂಬೂ!” ಎಂದು ಒಳಗಿನಿಂದ ಒಂದು ದನಿ ಬಂತು. ಬಡಾವಣೆಯೇ ಬಹುವಚನದಲ್ಲಿ ಕರೆಯುವ ಮೇಷ್ಟ್ರನ್ನು ಹಾಗೆ ಕರೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊರಬಂದ ಜೊತೆಗಾರರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. “ಇವರ್ಯಾರು, ಜನಗಣತಿಯೋರಾ?”

“ಸಿನಿಮಾದವರು,” ಎಂದರು ಮೇಷ್ಟ್ರು.

“ಹಾಗಾದ್ರೆ ಮುಖ ತೊಳ್ಕೊಂಡ್ ಬರ್ತೀನಿ. ನನ್ನ ಸೈಕಲ್ ಹೇಗಿದೆಯೋ?”

“ಹೂ ಹಾಕಿಸ್ಕೊಂಡು ಕೂತಿದೆ.”

“ಪುಣ್ಯ ಮಾಡಿತ್ತು. ನಿಂದು ನೋಡು, ಇಲ್ಲಿ ಗೇದು ಗೇದು ಸಾಯ್ತಿದೆ. ಮಿಲ್ಲಿಗೆ, ಮಾರ್ಕೆಟ್ಟಿಗೆ, ಮಕ್ಕಳ ಸ್ಕೂಲಿಗೆ.”

ಬುದ್ಧನ ಪಟದ ಕೆಳಗಿನ ಬೆಂಚಿನ ಮೇಲೆ ಕುಳಿತು ನಾವು ವಿಷಯ ತಿಳಿಸಿದೆವು. ನಾನು ನನ್ನ ಸ್ವಭಾವಕ್ಕೆ ತಕ್ಕಂತೆ, ಹೆಸರು ಮುಚ್ಚಿಡಲು ಗಿರಣಿಯ ರಜೆಯೊಂದೇ ಕಾರಣವೇ ಎಂದು ಕೇಳಿದೆ.

ಅವರು ನನ್ನ ಕಡೆ ತಿರುಗಿದರು. “ದಾರೀಲಿ ಮೊದಲ್ನೇ ಛತ್ರದಲ್ಲಿ ಇವನಿಗೆ ಒಳಗೆ ಎಲೆ ಹಾಕಿದ್ರು, ನನಗೆ ಹೊರಗೆ ಜಗಲಿ ಮೇಲೆ. ಇವನು ತನ್ನ ಎಲೆ ಎತ್ಕೊಂಡು ಹೊರಗೆ ಬಂದ. ಅನ್ನ ಎಲ್ಲಾ ದಾರೀಲೇ ಚೆಲ್ಲಿದ, ಅದು ಬೇರೆ. ಆಮೇಲೆ ನಾವು ಛತ್ರಕ್ಕೇ ಹೋಗ್ಲಿಲ್ಲ, ಮರದ ಕೆಳಗೇ ಅಡುಗೆ. ಅಂಥ ಕಾಲದಲ್ಲಿ ನಿಮ್ಮ ಸಮಿತಿಯೋರು ವೇದಿಕೆ ಮೇಲೆ ಎರಡು ಕುರ್ಚಿ ಹಾಕ್ತಿದ್ರಾ ಸ್ವಾಮಿ?”

ಮೇಷ್ಟ್ರು ತಲೆ ತಗ್ಗಿಸಿದರು. “ಈಗ ಹಾಕಿಸ್ತೀನಿ ಕಣೋ,” ಎಂದರು.

“ಹಾಕ್ಸು. ಈಗ ನನ್ನ ಕೆಲಸದಿಂದ ತೆಗೆಯೋರು ಯಾರಿದಾರೆ? ಆದ್ರೆ ಒಂದು ಮಾತು,” ಎಂದು ಅವರು ನನ್ನ ಕಡೆ ಬೆರಳು ತೋರಿದರು. “ನಾನು ಕಾಶಿ ನೋಡಿಲ್ಲ. ನೋಡ್ದೆ ಅಂತ ಹಾಕ್ಬೇಡಿ. ಜಬಲ್‌ಪುರದ ತನಕ. ಅಷ್ಟೇ ಹಾಕಿ.”

ಮಧುರೆಯಲ್ಲೇ ನಿಂತು ಕನ್ಯಾಕುಮಾರಿಯ ಹೊಗಳಿಕೆ ಪಡೆದ ನಾನು ಆ ಮಾತಿಗೆ ಎದ್ದು ಕೈಮುಗಿದೆ.

ಸಮಿತಿಯ ಕಾರ್ಯದರ್ಶಿಗೆ ಇದು ರುಚಿಸಲಿಲ್ಲ. “ಇಷ್ಟು ವರ್ಷ ಏಕಾಂಗಿ ಅಂತ ಕರಪತ್ರ ಹಾಕ್ಸಿದೀವಿ ಮೇಷ್ಟ್ರೇ. ಈಗ ಇಬ್ಬರು ಅಂದ್ರೆ ಜನ ನಗಲ್ವಾ? ಬೇಕಾದ್ರೆ ಅವರಿಗೆ ಬೇರೆ ದಿನ ಒಂದು ಶಾಲು ಹೊದಿಸೋಣ.”

“ಬೇಡ,” ಎಂದರು ಮೇಷ್ಟ್ರು. “ಒಂದೇ ದಿನ, ಎರಡು ಕುರ್ಚಿ. ಇಲ್ದಿದ್ರೆ ಈ ಸಲ ನಾನೂ ಬರಲ್ಲ, ಸೈಕಲ್ಲೂ ಬರಲ್ಲ.”

ಸಮಿತಿ ಎರಡು ಕುರ್ಚಿಗೆ ಒಪ್ಪಲಿಲ್ಲ. ಉತ್ಸವದ ಪರದೆ ನಮಗೆ ತಪ್ಪಿತು. ಗೆಳೆಯ ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಹೊಸ ರಟ್ಟುಗಳನ್ನು ಕೇಳಲು ಬಂದ. ನಾನು ‘ಕಾಶಿಯ ಏಕಾಂಗಿ’ ಎಂದು ಬರೆದಿದ್ದ ರಟ್ಟನ್ನು ಹಿಂದುಮುಂದು ಮಾಡಿ, ಖಾಲಿ ಬದಿಯಲ್ಲಿ ಎರಡು ಸೈಕಲ್ ಬರೆದುಕೊಟ್ಟೆ.

ಆಯುಧಪೂಜೆಯ ದಿನವನ್ನೇ ಚಿತ್ರೀಕರಣಕ್ಕೆ ಗೊತ್ತುಮಾಡಿದೆವು. ಜೊತೆಗಾರರು ಶೇಷಾದ್ರಿಪುರದಿಂದ ಎತ್ತರದ ಸೈಕಲ್ ತುಳಿದುಕೊಂಡು ಬಂದರು. ಶಂಕರಪುರದ ಅಂಗಳದಲ್ಲಿ ಎರಡನ್ನೂ ತೊಳೆದು, ಕುಂಕುಮ ಹಚ್ಚಿ, ಹೂ ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಮೇಷ್ಟ್ರ ಹೆಂಡತಿ ಆರತಿ ಬೆಳಗಿದ ಮೇಲೆ ಅವರವರ ಸೈಕಲ್ಲು ಅವರವರಿಗೆ ಸೇರುವುದೆಂದು ರಟ್ಟಿನಲ್ಲಿತ್ತು.

“ಮರದ ತುಂಡು ನನ್ನವು, ಅವನ್ನ ಕೊಡಲ್ಲ,” ಎಂದು ಜೊತೆಗಾರರು ಸ್ಪ್ಯಾನರಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡರು. ತಮ್ಮ ಸೈಕಲ್ಲಿನ ಬಳಿ ಬಂದು ಸೀಟನ್ನು ತಗ್ಗಿಸಲು ನೋಡಿದರು. ಅದು ಅಲುಗಲಿಲ್ಲ. ಮೇಷ್ಟ್ರು ಜಬಲ್‌ಪುರದಲ್ಲಿ ಎಳೆದು ಬಿಗಿದ ಕಂಬಿ ತುಕ್ಕು ಹಿಡಿದು ಚೌಕಟ್ಟಿನೊಡನೆ ಒಂದಾಗಿತ್ತು. ಸೀಮೆಎಣ್ಣೆ ಬಿಟ್ಟೆವು, ಸುತ್ತಿಗೆಯಿಂದ ತಟ್ಟಿದೆವು. ಫಲವಿಲ್ಲ.

“ಲೋ ಲಂಬೂ, ನನ್ನ ಸೈಕಲ್ಲನ್ನೂ ನಿನ್ನ ಅಳತೆಗೇ ಮಾಡಿಟ್ಟಿದೀಯಲ್ಲೋ!”

ಜೇಬಿನಿಂದ ಮರದ ತುಂಡುಗಳನ್ನು ತೆಗೆದು, ಬೈದುಕೊಳ್ಳುತ್ತಲೇ, ತಮ್ಮ ಸೈಕಲ್ಲಿನ ಪೆಡಲಿಗೆ ಬಿಗಿದರು. ಗೆಳೆಯ ಅಷ್ಟನ್ನೂ ಚಿತ್ರಿಸಿಕೊಂಡ. ಅದು ಯಾವ ರಟ್ಟಿನಲ್ಲೂ ಇರಲಿಲ್ಲ.

ಕಡೆಯ ದೃಶ್ಯ ಕಹಳೆ ಬಂಡೆಯ ಪಕ್ಕದ ಇಳಿಜಾರಿನದು. ಇಬ್ಬರೂ ಜೊತೆಯಾಗಿ ಇಳಿದು ಬರುತ್ತಾರೆ. ಮೇಷ್ಟ್ರ ಮೊಣಕಾಲು ಎಲ್ಲಿಯೂ ತಾಗುವುದಿಲ್ಲ. ಚಿತ್ರವನ್ನು ಮೇಷ್ಟ್ರ ಮನೆಯ ಹಿತ್ತಲ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಎರಡು ಕುರ್ಚಿ ಹಾಕಿಸಿದ್ದರು. ನಮ್ಮ ಕ್ಯಾಮೆರಾಕ್ಕೆ ಮಾತು ಹಿಡಿಯುವ ಸೌಕರ್ಯವಿರಲಿಲ್ಲವಾದ್ದರಿಂದ, ವಿವರಣೆಯನ್ನು ನಾನೇ ಪಕ್ಕದಲ್ಲಿ ನಿಂತು ಓದಿದೆ: ಒಬ್ಬರು ಕಾಶಿಗೆ, ಒಬ್ಬರು ಜಬಲ್‌ಪುರಕ್ಕೆ. ಕಡೆಯ ದೃಶ್ಯದಲ್ಲಿ ಇಬ್ಬರ ಬಾಯಿಯೂ ಜೋರಾಗಿ ಆಡುತ್ತಿರುವುದನ್ನು ಕಂಡು, ಏನು ಹೇಳುತ್ತಿದ್ದಾರೆಂದು ಜನ ಕೇಳಿದರು. ನಾನು ಓದುವುದನ್ನು ನಿಲ್ಲಿಸಿದೆ. ಇಳಿಜಾರಿನ ಬುಡದಲ್ಲಿ ನಿಂತು ನಾನು ಕೇಳಿಸಿಕೊಂಡಿದ್ದೆ. ಫೋರ್ಕ್ ಮುರಿದ ದಿನ ಮಳೆ ಸುರಿಯುತ್ತಿತ್ತೆಂದು ಮೇಷ್ಟ್ರು ಹೇಳುತ್ತಿದ್ದರು. ಎಲ್ಲಿಯ ಮಳೆ, ಟಾರು ಕರಗಿ ಟೈರಿಗೆ ಅಂಟುತ್ತಿತ್ತು ಎಂದು ಜೊತೆಗಾರರು ಕೂಗುತ್ತಿದ್ದರು. ಯಾರ ಮಾತು ನಿಜವೆಂದು ನಾನು ಇನ್ನೂ ಅಳೆದು ನೋಡಿರಲಿಲ್ಲ. ಹಾಗಾಗಿ ಸುಮ್ಮನಿದ್ದೆ. ಮುಂದಿನ ಸಾಲಿನ ಎರಡು ಕುರ್ಚಿಗಳಲ್ಲಿ ಅದೇ ಜಗಳ ಮತ್ತೆ ಶುರುವಾಗಿತ್ತು.