ಬೀರುವಿನಲ್ಲಿಲ್ಲದ ವಿಡಿಯೋ ಗೇಮ್

ನಿಜ ಹೇಳ್ರಪ್ಪಾ ಎಂದು ಮಕ್ಕಳಿಗೆ ಬೋಧಿಸುತ್ತಲೇ ಸರ್ವೀಸು ಮುಗಿಸಿದ ಮೇಷ್ಟ್ರು ನಾನು. ಈಗ ಬರೆಯುತ್ತಿರುವುದನ್ನು ಹೆಂಡತಿಗೂ ಹೇಳಿಲ್ಲ. ಹೇಳಿದರೆ ನಕ್ಕುಬಿಡುತ್ತಾಳೆ, ಇಷ್ಟೇನಾ ಎನ್ನುತ್ತಾಳೆ. ಇಷ್ಟೇ ಅಲ್ಲ ಎನ್ನುವುದು ನನಗೆ ಗೊತ್ತು.

ಎಂಬತ್ತರ ದಶಕದ ನಡುಭಾಗ. ಹೊನ್ನಾಳಿಯಲ್ಲಿ ರೂಮು ಮಾಡಿಕೊಂಡು, ಸಾಸ್ವೆಹಳ್ಳಿ ಕಡೆಯ ಒಂದು ಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಇಪ್ಪತ್ತನಾಲ್ಕು ವರ್ಷ, ಮೂಗಿನ ತುದಿಯಲ್ಲೇ ಕೋಪ. ಶಿಸ್ತಿನ ಮೇಷ್ಟ್ರು ಎಂದು ಊರಲ್ಲಿ ಹೆಸರು ಬಂದಿತ್ತು. ಅದನ್ನು ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ.

ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಶಾಲೆಯ ಹಿಂದೆ ಹೋದರೆ, ಬೇವಿನ ಮರದ ಬುಡದಲ್ಲಿ ನನ್ನದೇ ಏಳನೇ ಕ್ಲಾಸಿನ ಹುಡುಗಿ ಒಬ್ಬಳೇ ಕೂತು ಅಂಗೈಯಗಲದ ಎಂಥದನ್ನೋ ಒತ್ತುತ್ತಿದ್ದಳು. ಕೀಂಕೀಂ ಎಂದು ಸದ್ದು. ನನ್ನನ್ನು ಕಂಡು ಲಂಗದಡಿ ಮುಚ್ಚಿಟ್ಟಳು. ಕೈಚಾಚಿದೆ, ಕೊಟ್ಟಳು. ವಿಡಿಯೋ ಗೇಮ್ ಎನ್ನುವ ವಸ್ತುವನ್ನು ನಾನು ಮುಟ್ಟಿದ್ದು ಅದೇ ಮೊದಲು. ಬೊಂಬಾಯಿಯಿಂದ ಮದುವೆಗೆ ಬಂದಿದ್ದ ಅವಳ ಸೋದರಮಾವನ ಮಗನದು, ಅವನಿಗೆ ಹೇಳದೆ ತಂದಿದ್ದಳು.

"ನಂದಲ್ಲ ಸಾರ್. ಶುಕ್ರವಾರ ಸಂಜೆ ಅವರು ಹೊಂಟೋಗ್ತಾರೆ. ಅಷ್ಟರಾಗೆ ಕೊಟ್ಬಿಡ್ರಿ ಸಾರ್, ಇಲ್ಲಾಂದ್ರೆ ನನ್ನ ಕಳ್ಳಿ ಅಂತಾರೆ."

"ಹೆಡ್‌ಮೇಷ್ಟ್ರ ಬೀರುನಾಗೆ ಇಟ್ಟಿರ್ತೀನಿ. ಶುಕ್ರವಾರ ಇಸ್ಕಂಡು ಹೋಗು," ಎಂದೆ.

ಬೀರುವಿನಲ್ಲಿ ಇಡಲಿಲ್ಲ. ಇಡಬೇಕೆಂದೇ ಇದ್ದೆ, ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ನೋಡೋಣ ಹೆಂಗಿದೆ ಎಂದು ಗುಂಡಿ ಒತ್ತಿದೆ. ಅಷ್ಟೇ. ಹೊನ್ನಾಳಿ ಬಂದದ್ದು ತಿಳಿಯಲಿಲ್ಲ, ಕಂಡಕ್ಟರ್ "ಇಳಿಯಂಗಿಲ್ಲೇನ್ರೀ ಮೇಷ್ಟ್ರೇ?" ಎಂದ ಮೇಲೆ ಎದ್ದೆ.

ಆಟ ಇಷ್ಟು. ನೆರೆ ಬಂದು ಒಂದು ಮನೆ ಮುಳುಗುತ್ತಿದೆ. ಅದರ ಕಿಟಕಿಯಿಂದ ಸಾಮಾನು ಒಂದೊಂದಾಗಿ ಬೀಳುತ್ತದೆ. ಕೆಳಗೆ ಕಡ್ಡಿಯಂಥ ಮನುಷ್ಯ ದೋಣಿಯನ್ನು ಎಡಕ್ಕೆ ಬಲಕ್ಕೆ ತಂದು ಹಿಡಿಯಬೇಕು. ಪೆಟ್ಟಿಗೆಗೆ ಹತ್ತು ಪಾಯಿಂಟು, ಕೋಳಿಗೆ ಐದು, ಕೊಡಕ್ಕೆ ಎರಡು, ಹಗ್ಗಕ್ಕೆ ಏನೂ ಇಲ್ಲ. ದೋಣಿಗೆ ಮೂರೇ ಸಾಮಾನು. ಅವನ್ನು ದಡಕ್ಕೆ ಇಳಿಸಿ ಬಂದರೆ ಮುಂದಿನ ಸುತ್ತು. ನಾನು ಪೆಟ್ಟಿಗೆಯ ಹಿಂದೆ ಬಿದ್ದೆ. ಮೂರು ಸುತ್ತು ಸಲೀಸು, ನಾಲ್ಕನೆಯದರಲ್ಲಿ ನದಿಯ ನಡುವೆ ಸುಳಿ ಎದ್ದು ದೋಣಿ ಗುಳುಂ. ಪೆಟ್ಟಿಗೆ ಎರಡು ಕೋಳಿ ಒಂದು ಹಿಡಿದರೂ ಗುಳುಂ, ಕೋಳಿ ಮೂರು ಹಿಡಿದರೂ ಗುಳುಂ. ಸ್ಟೌ ಮೇಲೆ ಅನ್ನ ಸೀದು ಕರಕಲಾಯಿತು. ಥೂ, ಪಾಠ ಹೇಳುವ ಮನುಷ್ಯ ನಾನು!

ಗುರುವಾರದ ಹೊತ್ತಿಗೆ ತಲೆ ಪೂರಾ ಕೆಟ್ಟಿತ್ತು. ಏಳನೇ ಕ್ಲಾಸಿಗೆ ಹೋದವನು ಲೆಕ್ಕದ ಪುಸ್ತಕ ಮುಚ್ಚಿಟ್ಟು, ಇದೊಂದು ಬುದ್ಧಿವಂತಿಕೆಯ ಪ್ರಶ್ನೆ ಎನ್ನುವ ಹಾಗೆ ಕೇಳಿದೆ: "ಹೊಳೆಗೆ ನೆರೆ ಬಂದೈತೆ. ದೋಣಿಯಾಗೆ ಮೂರೇ ಸಾಮಾನು ಹಿಡಿತೈತೆ. ಪೆಟ್ಟಿಗೆ, ಕೋಳಿ, ಕೊಡ, ಹಗ್ಗ ಅದಾವೆ. ಯಾವ್ಯಾವು ತಗಬೇಕು, ಹೇಳ್ರಿ ನೋಡಾಣ."

ಹೊಳೆದಂಡೆಯ ಮಕ್ಕಳು. ಕೋಳಿ ಈಜಲ್ಲ, ಕೋಳಿ ಮೊದಲು ಎಂದ ಒಬ್ಬ. ಪೆಟ್ಟಿಗೆಯೊಳಗೆ ಬಂಗಾರ ಐತೋ ಹಳೇ ಬಟ್ಟೆ ಐತೋ ಎಂದು ಇನ್ನೊಬ್ಬ ಕೇಳಿದ. ಕ್ಲಾಸೆಲ್ಲ ನಕ್ಕಿತು. ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು.

"ಹಗ್ಗ ತಗಬೇಕು ಸಾರ್. ಹಗ್ಗಕ್ಕೆ ಪಾಯಿಂಟ್ ಇಲ್ಲ ಅಂತ ಎಲ್ಲಾರೂ ಬಿಡ್ತಾರೆ. ನಾಲ್ಕನೇ ಸಲ ಸುಳಿ ಬರ್ತೈತಲ್ಲ, ಆಗ ಹಗ್ಗ ಇದ್ರೇನೆ ದೋಣಿ..."

ಅಲ್ಲಿಗೆ ನಿಲ್ಲಿಸಿದಳು. ಪಾಯಿಂಟಿನ, ಸುಳಿಯ ವಿಷಯವನ್ನು ನಾನು ಹೇಳಿಯೇ ಇರಲಿಲ್ಲ. ನನ್ನ ಮುಖ ನೋಡಿದಳು, ತಲೆ ತಗ್ಗಿಸಿ ಕೂತಳು. ಮೇಷ್ಟ್ರು ಆಟ ಆಡಿದ್ದಾರೆ, ಬೀರುವಿನ ಮಾತು ಸುಳ್ಳು ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಉಳಿದ ಮಕ್ಕಳಿಗೆ ತಲೆಬುಡ ಅರ್ಥವಾಗಲಿಲ್ಲ. "ಸರಿ, ಸರಿ, ಲೆಕ್ಕ ತೆಗೀರಿ," ಎಂದೆ.

ಮಾನವಂತ ಆಗಿದ್ದರೆ ಅವತ್ತೇ ಕೊಡುತ್ತಿದ್ದೆ. ನಾನೇನು ಮಾಡಿದೆ? ಸಂಜೆ ಬಸ್ಸು ಹತ್ತುತ್ತಲೇ ಗೇಮು ತೆಗೆದು ಹಗ್ಗ ಹಿಡಿದೆ. ದೋಣಿ ಸುಳಿ ದಾಟಿತು! ರಾತ್ರಿ ಮಲಗುವ ಹೊತ್ತಿಗೆ ಒಂಬೈನೂರು ಚಿಲ್ಲರೆ ಪಾಯಿಂಟು. ಇನ್ನೊಂದು ದಿನ ಇದ್ದರೆ ಸಾವಿರ ಮುಟ್ಟಿಸುತ್ತೇನೆ ಅನ್ನಿಸಿತು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಬಂದು ನಿಂತಳು. "ಸಾರ್, ಆರು ಗಂಟಿಗೆ ಬಸ್ಸು."

"ಹೆಡ್‌ಮೇಷ್ಟ್ರು ಬೀರು ಕೀ ತಗಂಡು ಮೀಟಿಂಗಿಗೆ ಹೋಗ್ಯಾರೆ. ಸೋಮವಾರ ನೋಡಾಣ."

ಅವಳು ನನ್ನ ಹೆಗಲಿನ ಚೀಲ ನೋಡಿದಳು. ಗೇಮು ಅದರಲ್ಲೇ ಇತ್ತು. "ಹೇಳಿದ್ನಲ್ಲ, ಹೋಗು," ಎಂದು ಗದರಿದೆ. ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ ಬರುತ್ತದೆ.

ಶನಿವಾರ ಬೆಳಿಗ್ಗೆ ಆಫೀಸು ರೂಮಿನಲ್ಲಿ ಹಾಜರಿ ಹಾಕುತ್ತಿದ್ದೆ. ಅವಳ ಅಪ್ಪ ಮಗಳ ರಟ್ಟೆ ಹಿಡಿದುಕೊಂಡು ಒಳಗೆ ಬಂದರು. ಟವೆಲ್ಲು ಹೆಗಲಿಂದ ಜಾರಿದ್ದರೂ ಗಮನವಿರಲಿಲ್ಲ.

"ಹೆಡ್‌ಮೇಷ್ಟ್ರೇ, ನಮ್ಮ ಬಾವಮೈದನ ಹುಡುಗ ನಿನ್ನೆ ಸಂಜೆ ಅತ್ಕಂತಾ ಬಸ್ ಹತ್ತಿದ. ಆ ಆಟದ ಸಾಮಾನು ನಿಮ್ಮ ಬೀರುನಾಗೆ ಐತೆ ಅಂತಾಳೆ ಇವಳು. ಕೊಡ್ರಿ, ಪಾರ್ಸೆಲ್ ಮಾಡ್ತೀನಿ."

ಹೆಡ್‌ಮೇಷ್ಟ್ರು ಬೀರು ತೆಗೆದು ತೋರಿಸಿದರು. ಪರೀಕ್ಷೆ ಕಟ್ಟುಗಳು, ಸೀಮೆಸುಣ್ಣದ ಡಬ್ಬಿ, ಬಾವುಟ. "ನನಗ್ಯಾರೂ ಏನೂ ಕೊಟ್ಟಿಲ್ಲಪ್ಪ," ಎಂದರು.

"ಯಾವ ಮೇಷ್ಟ್ರು ಇಸ್ಕಂಡಿದ್ದು, ತೋರ್ಸು!" ಅಪ್ಪ ಮಗಳನ್ನು ಅಲುಗಾಡಿಸಿದರು.

ಹುಡುಗಿ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆಮೇಲೆ ಅವಳ ದನಿ ಕೇಳಿಸಿತು: "ಯಾರೂ ಇಸ್ಕಂಡಿಲ್ಲ. ನಾಲೆಗೆ ಬಿತ್ತು. ಹೆದ್ರಿ ಸುಳ್ಳು ಹೇಳ್ದೆ."

ಅಪ್ಪ ಎಲ್ಲರ ಮುಂದೆಯೇ ಕೆನ್ನೆಗೆ ಒಂದು ಬಿಟ್ಟರು. ಹೆಡ್‌ಮೇಷ್ಟ್ರು ಅವರನ್ನು ತಡೆದು ನನ್ನ ಕಡೆ ತಿರುಗಿದರು. "ನಿಮ್ಮ ಕ್ಲಾಸಿನ ಹುಡುಗಿ. ನೀವಾದ್ರೂ ನಾಲ್ಕು ಬುದ್ಧಿಮಾತು ಹೇಳ್ರಿ."

ಹೇಳಿದೆ. ಚೀಲ ಹೆಗಲಲ್ಲೇ ಇತ್ತು, ಈ ಬಾಯಿಯಿಂದಲೇ ಹೇಳಿದೆ: "ಸುಳ್ಳು ಹೇಳಬಾರದಮ್ಮ."

"ಹೂಂ ಸಾರ್," ಎಂದಳು.

ಭಾನುವಾರ ಗೇಮನ್ನು ಮುಟ್ಟಲಿಲ್ಲ. ಊಟ ಸೇರಲಿಲ್ಲ. ಸೋಮವಾರ ಮೊದಲ ಬಸ್ಸಿಗೇ ಹೋಗಿ, ಮಕ್ಕಳು ಬರುವ ಮುಂಚೆ ಅಂಗಳದಲ್ಲಿ ಕಾದು, ಅವಳು ಬರುತ್ತಲೇ ಪೇಪರಿನಲ್ಲಿ ಸುತ್ತಿದ್ದ ಅದನ್ನು ಮುಂದೆ ಹಿಡಿದೆ. "ತಗಳಮ್ಮ. ತಪ್ಪಾತು," ಎಂದೆ.

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮನಿಗೆ ಹೆಂಗೆ ತಗಂಡು ಹೋಗ್ಲಿ ಸಾರ್? ನಾಲೆಗೆ ಬಿತ್ತು ಅಂದೀನಿ. ಈಗ ಎಲ್ಲಿ ಸಿಕ್ತು ಅಂದ್ರೆ ಏನು ಹೇಳ್ಲಿ?"

ಕೊಂಕು ಮಾತಲ್ಲ ಅದು. ಲೆಕ್ಕ ತಿಳಿಯದಿದ್ದಾಗ ಕೇಳುತ್ತಿದ್ದ ಹಾಗೆಯೇ, ಮೇಷ್ಟ್ರಿಗೆ ಗೊತ್ತಿರುತ್ತದೆ ಎಂದು ನಂಬಿ ಕೇಳಿದಳು. ನನ್ನ ಹೆಸರು ಹೇಳು, ನಡಿ, ನಾನೇ ಬಂದು ನಿಮ್ಮಪ್ಪನಿಗೆ ಹೇಳ್ತೀನಿ ಎನ್ನಬೇಕಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಹೆಡ್‌ಮೇಷ್ಟ್ರ ಸೈಕಲ್ ಬೆಲ್ಲು ಕೇಳಿಸಿತು. ನಾನು ಪೇಪರಿನ ಪೊಟ್ಟಣವನ್ನು ಬೇಗಬೇಗ ಚೀಲದೊಳಕ್ಕೆ ತುರುಕಿಕೊಂಡೆ.

ಅದನ್ನೂ ಅವಳು ನೋಡಿದಳು. "ನಮಸ್ತೆ ಸಾರ್," ಎಂದು ಹೆಡ್‌ಮೇಷ್ಟ್ರಿಗೆ ಕೈಮುಗಿದು ಕ್ಲಾಸಿನ ಕಡೆ ಹೋದಳು.