ಮನ್ಮಥಪ್ಪ ಹೊಗಳಿದ ಝರಿ

ಭಾಲ್ಕಿಯ ಬಟ್ಟೆ ಅಂಗಡಿ ಹಾವಗೆಪ್ಪನಿಗೆ ಎದುರಂಗಡಿಯ ಮನ್ಮಥಪ್ಪ ಸೀನಿದರೂ ಹೊಟ್ಟೆ ಉರಿಯುತ್ತಿತ್ತು. ಅವನೊಂದು ಛತ್ರಿ ಕೊಂಡರೆ ಇವನು ಎರಡು ಕೊಳ್ಳುತ್ತಿದ್ದ. ಅವನಲ್ಲಿ ಗಿರಾಕಿ ನಕ್ಕರೆ ಇವನಿಗೆ ಊಟ ರುಚಿಸುತ್ತಿರಲಿಲ್ಲ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಮನ್ಮಥಪ್ಪ, “ಚಿಂತಾಕಿ ಕಡಿ ಒಂದು ಝರಿ ಅದರಿ, ಅಂಥಾದ್ದು ದುನಿಯಾದಾಗ ಇಲ್ಲ” ಎಂದು ಕಂಡವರಿಗೆಲ್ಲ ಹೇಳತೊಡಗಿದಾಗ ಹಾವಗೆಪ್ಪ ತಡೆಯಲಾರದೆ ಅಂಗಡಿ ಮುಚ್ಚಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋದ. ಅಲ್ಲಿ ಬಂಡೆಯ ಸಂದಿಯಿಂದ ಬೆರಳುದಪ್ಪ ನೀರು ಸೋರುತ್ತಿತ್ತು. “ಇಷ್ಟೇನಾ!” ಎಂದು ಹಿಗ್ಗಿನಿಂದ ನಕ್ಕ. ಕೊಡ ತುಂಬುತ್ತಿದ್ದ ಮುದುಕಿ ನಗಲಿಲ್ಲ. “ರಜಾಕಾರರ ಗದ್ದಲದಾಗ ಭಾಲ್ಕಿ ಮನ್ಮಥಪ್ಪನೋರು ಹೆಂಡ್ತಿ ಮಕ್ಕಳ್ನ ಕರ್ಕೊಂಡು ಈ ಕಲ್ಲಿನ ಹಿಂದ ಆರು ದಿನ ಅಡಗಿದ್ರರಿ. ಇದೇ ನೀರು ಕುಡದು ಜೀವ ಹಿಡದ್ರು” ಎಂದಳು. ಊರಿಗೆ ಮರಳಿದ ಮೇಲೆ ಗಿರಾಕಿಯೊಬ್ಬ ಝರಿಯ ಬಗ್ಗೆ ವಿಚಾರಿಸಿದಾಗ ಹಾವಗೆಪ್ಪ ಎದುರಂಗಡಿಗೂ ಕೇಳುವಂತೆ ಹೇಳಿದ: “ಮನ್ಮಥಪ್ಪನೋರು ಹೊಗಳಿದ್ದು ಕಮ್ಮೀನೇ ಆತ್ರಿ.”