ಇಸ್ತ್ರಿ ಮೇಜಿನ ಕೆಳಗಿನ ಮನೆ

ಇಸ್ತ್ರಿ ಅಜ್ಜಿಯ ಬಾಯಿಗೆ ಸಿಕ್ಕಿಬೀಳುವುದೆಂದರೆ ಬೀದಿಯವರಿಗೆಲ್ಲ ಗಡಗಡ. ಎದುರಿನ ಬೇಕರಿಯವನು ಒಲೆಗೆ ಹಸಿ ಸೌದೆ ತುರುಕಿ ಕಪ್ಪು ಹೊಗೆ ಬಿಟ್ಟನೋ, ಅಜ್ಜಿ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಸೊಂಟಕ್ಕೆ ಕೈ ಕೊಡುತ್ತಿದ್ದಳು. "ಏನಪ್ಪಾ ಮಹಾರಾಯ, ಕಣ್ಣು ಕಾಣಲ್ವಾ ನಿಂಗೆ? ನಿನ್ನ ಹೊಟ್ಟೆ ತುಂಬೋಕೆ ನಮ್ಮ ಕೂಸಿನ ಎದೆಗೆ ಹೊಗೆ ತುಂಬ್ತೀಯಾ? ತೆಗಿ ಆಚೆಗೆ!"

ಇಂಜಿನ್ ಆರಿಸದೆ ಹರಟುವ ಲಾರಿಯವನಿಗೂ, ಸಿಮೆಂಟು ಧೂಳೆಬ್ಬಿಸುವ ಮೇಸ್ತ್ರಿಗೂ, ಎಲೆಯ ಜೊತೆ ಪ್ಲಾಸ್ಟಿಕ್ಕನ್ನೂ ಸುಡುವ ಕಸದವನಿಗೂ ಇದೇ ಬೈಗುಳ. ಹೊಗೆಯೋ ಧೂಳೋ, ಅಜ್ಜಿಗೆ ಎಲ್ಲ ಒಂದೇ.

ಇಷ್ಟೆಲ್ಲ ರಂಪ ಮಗಳ ಮಗಳು ಪುಟ್ಟಿಗಾಗಿ. ಹುಟ್ಟಿದಾಗಿನಿಂದ ಅವಳ ಎದೆ ಸೂಕ್ಷ್ಮ. ಅಜ್ಜಿಯ ಬೈಗುಳವೆಂದರೆ ಪುಟ್ಟಿಗೆ ಆಟ. ತಾನೂ ಸೊಂಟಕ್ಕೆ ಕೈಯಿಟ್ಟು "ಏನಪ್ಪಾ ಮಹಾರಾಯ" ಎಂದು ಜೋರಾಗಿ ಶುರುಮಾಡುವಳು. "ಹೊಟ್ಟೆ ತುಂಬೋಕೆ" ಎನ್ನುವಷ್ಟರಲ್ಲಿ ಉಸಿರು ಸಾಲದೆ ಕೊಂಯ್ ಎಂದು ಎಳೆಯುವಳು. ಜನ ನಗುತ್ತಿದ್ದರು, ಅಜ್ಜಿ ಮಾತ್ರ ಓಡಿಬಂದು ಅವಳ ಬೆನ್ನು ನೀವುತ್ತಿದ್ದಳು.

"ಹೀಗೇ ಎಳೀತಿದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ ಅಜ್ಜಿ," ಅಂದರು ಡಾಕ್ಟರಮ್ಮ. "ಹೊಗೆ, ಧೂಳು ತಾಗ್ದಂಗೆ ನೋಡ್ಕೊಳ್ಳಿ. ಕಣ್ಣಿಗೆ ಕಾಣದ ಹೊಗೆನೂ ಇರುತ್ತೆ, ನೆನಪಿರಲಿ."

ಕಾಣದ ಹೊಗೆಯಂತೆ! ಅಜ್ಜಿ ಆ ಮಾತನ್ನು ಅಲ್ಲೇ ಬಿಟ್ಟು ಬಂದಳು. ಬಂದವಳೇ ಮನೆ ಮುಂದಿನ ಇಸ್ತ್ರಿ ಮೇಜಿನ ನಾಲ್ಕೂ ಕಡೆ ದಪ್ಪ ಬೆಡ್‌ಶೀಟುಗಳನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟಳು. ಒಳಗೆ ಚಾಪೆ, ದಿಂಬು. ಸ್ಕೂಲು ಬಿಟ್ಟ ಮೇಲೆ ಪುಟ್ಟಿಯ ಮನೆ ಅದೇ. "ಈಗ ಬರ್ಲಿ ನೋಡೋಣ ಬೀದಿ ಹೊಗೆ!" ಎಂದು ಬೀಗಿದಳು.

ಮೇಜಿನ ಕೆಳಗೆ ಮೂಲೆಯಲ್ಲಿ, ತಗಡಿನ ಮರೆಯಲ್ಲಿ, ಕೆಂಡದ ಬಾಣಲೆಯೂ ಇತ್ತು. ಇಸ್ತ್ರಿಪೆಟ್ಟಿಗೆ ತಣ್ಣಗಾದರೆ ಬಗ್ಗಿ ಬೇರೆ ಕೆಂಡ ತುಂಬಿಕೊಳ್ಳಲು ಅನುಕೂಲ. ಹೊರಗಿಟ್ಟರೆ ಗಾಳಿಗೆ ಬೂದಿ ಹಾರಿ ಬಟ್ಟೆ ಹಾಳು. ಅಜ್ಜಿ ಈ ಕೆಲಸಕ್ಕೆ ಬಂದಾಗಿನಿಂದ ಅದರ ಜಾಗ ಅದೇ. ನಿಗಿನಿಗಿ ಕೆಂಡಕ್ಕೆ ಹೊಗೆ ಎಲ್ಲಿಯದು?

ಬೈಸಿಕೊಂಡೂ ಬೈಸಿಕೊಂಡೂ ಬೇಕರಿಯವನು ಚಿಮಣಿ ಎತ್ತರಿಸಿದ. ಮೇಸ್ತ್ರಿ ಟಾರ್ಪಾಲು ಹೊದಿಸಿದ. ಲಾರಿಯವನು ಬೀದಿಗೆ ಕಾಲಿಡುತ್ತಲೇ ಇಂಜಿನ್ ಆರಿಸತೊಡಗಿದ. ಪುಟ್ಟಿಯ ಎಳೆತ ಮಾತ್ರ ಹೆಚ್ಚಿತು. ಇನ್ನು ಯಾರನ್ನು ಬೈಯುವುದೆಂದು ಅಜ್ಜಿಗೆ ತೋಚಲಿಲ್ಲ.

ಒಂದು ಮಧ್ಯಾಹ್ನ ಯಾರದೋ ಅಂಗಿಯ ಗುಂಡಿ ಕಿತ್ತುಬಂದು ಮೇಜಿನ ಕೆಳಗೆ ಉರುಳಿತು. ಅಜ್ಜಿ ನುಸುಳಿ ಒಳಹೋದಳು. ಹಿಂದೆಯೇ ಬೆಡ್‌ಶೀಟು ಮುಚ್ಚಿಕೊಂಡಿತು. ಗುಂಡಿ ತಡಕುತ್ತಿರುವಾಗಲೇ ತಲೆ ಗಿರ್ರೆಂದಿತು, ಎದೆ ಹಿಡಿದುಕೊಂಡಿತು. ಎಲ್ಲೂ ಒಂದೆಳೆ ಹೊಗೆಯಿಲ್ಲ. ಪಕ್ಕದಲ್ಲಿ ಪುಟ್ಟಿ ಮಲಗಿದ್ದಳು, ಅಲ್ಲಾಡಿಸಿದರೂ ಕಣ್ಣು ಬಿಡಲಿಲ್ಲ. ಅಜ್ಜಿಯ ಕಣ್ಣು ಬಾಣಲೆಯ ಮೇಲೆ ಬಿತ್ತು.

"ಅಯ್ಯೋ, ನನ್ನ ಕೈಯಾರೆ!"

ಮಗುವನ್ನು ಎಳೆದುಕೊಂಡು ಬೀದಿಗೆ ಧಾವಿಸಿದಳು. ಆ ಕೂಗಿಗೆ ಮೊದಲು ಓಡಿಬಂದವನು ಬೇಕರಿಯವನೇ. ಹಿಟ್ಟು ಮೆತ್ತಿದ ಕೈಯಲ್ಲೇ ಪುಟ್ಟಿಯನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದ. ತಡಮಾಡಿದ್ದರೆ ಕೈಮೀರುತ್ತಿತ್ತು ಅಂದರು ಅವರು.

ಬಾಣಲೆ ಹಿತ್ತಲಿಗೆ ಹೋಯಿತು. ಕೆಂಡಕ್ಕಾಗಿ ಅಜ್ಜಿ ಈಗ ಮಂಡಿ ಹಿಡಿದುಕೊಂಡು ಅಲ್ಲಿಗೂ ಇಲ್ಲಿಗೂ ಓಡಾಡಬೇಕು. ಬಟ್ಟೆ ತಡವಾದರೆ ಗಿರಾಕಿಗಳೇ ಅವಳನ್ನು ಬೈಯುತ್ತಾರೆ.

"ಏನಜ್ಜಿ, ಇತ್ತೀಚೆಗೆ ಬೈಯೋದೇ ಬಿಟ್ಬಿಟ್ರಲ್ಲ? ನಂಗೆ ಹೊತ್ತೇ ಹೋಗಲ್ಲ," ಎಂದು ಬೇಕರಿಯವನು ಒಂದು ದಿನ ಕೆಣಕಿದ.

"ಯಾವ ಮುಖ ಇಟ್ಕೊಂಡು ಬೈಲಪ್ಪ? ನನ್ನನ್ನೇ ಯಾರಾದ್ರೂ ಬೈಬೇಕು."

ಪುಟ್ಟಿಗೆ ಅಷ್ಟೇ ಸಾಕಾಯಿತು. ಸೊಂಟಕ್ಕೆ ಕೈಯಿಟ್ಟಳು. "ಏನಜ್ಜಿ ಮಹಾರಾಯ್ತಿ, ಕಣ್ಣು ಕಾಣಲ್ವಾ ನಿಂಗೆ? ನಿನ್ನ ಹೊಟ್ಟೆ ತುಂಬೋಕೆ ನಮ್ಮ ಕೂಸಿನ ಎದೆಗೆ ಹೊಗೆ ತುಂಬ್ತೀಯಾ? ತೆಗಿ ಆಚೆಗೆ!"

ಒಂದೇ ಉಸಿರಿಗೆ. ನಡುವೆ ಎಲ್ಲೂ ಕೊಂಯ್ ಇಲ್ಲ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಇನ್ನೊಂದ್ ಸಲ ಬೈಯೇ, ನನ್ ಬಂಗಾರ."